ಕಾವಲಿನ ಆಯವೂ ಕಳವಿನ ಹೊಣೆಯೂ

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪವು ಕಾವೇರಿಯ ದಡದ ಎಲ್ಲೆಯೂರು. ಹೊಳೆಯಾಚೆ ಕೊಡಗಿನ ಕುಶಾಲನಗರ, ಈಚೆ ಮೈಸೂರು ಸೀಮೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಈ ಎರಡು ದಡಗಳೂ ಬೇರೆ ಬೇರೆ ಆಡಳಿತಗಳಿಗೆ ಒಳಪಟ್ಟಿದ್ದುವು. ಇಂತಹ ಊರಿನಲ್ಲಿ ಕಳವಾದರೆ ಕಳ್ಳನ ಹೆಜ್ಜೆಯ ಜಾಡು ನೀರಿನಂಚಿಗೆ ಬಂದು ನಿಂತುಹೋಗುತ್ತದೆ. ಅಲ್ಲಿಂದ ಮುಂದಕ್ಕೆ ನಷ್ಟದ ಹೊಣೆ ಯಾರದು? ಮನೆಗೆ ಕಳ್ಳರ ಅಲಾರಂ ಕೊಂಡು, ಅದನ್ನು ದೂರದಿಂದ ನೋಡಿಕೊಳ್ಳುವುದಕ್ಕೆಂದು ತಿಂಗಳು ತಿಂಗಳೂ ಹಣ ತೆರುವ ಇಂದಿನ ಗೃಹಸ್ಥರು ಕೇಳದೆ ಬಿಡುವ ಪ್ರಶ್ನೆಯೂ ಇದೇ ಆದಕಾರಣ, ಅದರ ಪೂರ್ವೇತಿಹಾಸವನ್ನು ಇಲ್ಲಿ ವಿಚಾರಿಸಹೊರಟಿದ್ದೇವೆ.

ಹಿಂದಿನವರು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದ್ದರು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಪ್ರಕಾರ, ಕಳ್ಳನ ಜಾಡು ಊರಿನಿಂದ ಹೊರಬೀಳದಿದ್ದರೆ ತಪ್ಪು ಗ್ರಾಮಾಧಿಪನದು. ಹುಲ್ಲುಗಾವಲಿನಲ್ಲಿ ಕಳವಾದರೆ ಅದರ ಅಧಿಕಾರಿಯದು. ದಾರಿಯಲ್ಲಾದರೆ ಕಳ್ಳರನ್ನು ಹಿಡಿಯಲು ನೇಮಕವಾದವನದು. ಜಾಡು ಯಾವ ಊರನ್ನು ಹೊಗುತ್ತದೆಯೋ ಆ ಊರು ನಷ್ಟವನ್ನು ತುಂಬಿಕೊಡಬೇಕು. ಊರುಗಳ ಎಲ್ಲೆಯಿಂದ ಒಂದು ಕ್ರೋಶದಾಚೆ ಆದದ್ದಕ್ಕೆ ಸುತ್ತಣ ಐದು ಅಥವಾ ಹತ್ತು ಊರುಗಳು ಸೇರಿ ಹೊಣೆ. ಕೌಟಿಲ್ಯನ ಅರ್ಥಶಾಸ್ತ್ರದ ನಿಯಮವೂ ಇದಕ್ಕೆ ಸಮೀಪವಾದುದೇ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನೆಂಬುದನ್ನು ಕನ್ನಡಿಗರು ಮರೆಯಲಾಗದು.

ಶಾಸ್ತ್ರದ ಮಾತು ಹಾಗಿರಲಿ, ರೂಢಿಯಲ್ಲಿ ಏನಿತ್ತು? ವಿಜಯನಗರ ಕಾಲದ ಶಾಸನಗಳಲ್ಲಿ ಬರುವ ತೆರಿಗೆಗಳ ಪಟ್ಟಿಯಲ್ಲಿ ‘ತಳವಾರಿಕೆ’ ಎಂಬುದೂ ಒಂದು. ಕಾವಲಿಗೆ ಬೆಲೆಯಿತ್ತೆಂಬುದಕ್ಕೆ ಇಷ್ಟೇ ಸಾಕು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಗ್ರಾಮದ ಹನ್ನೆರಡು ಆಯಗಾರರನ್ನು ಎಣಿಸುವಾಗ ತಳವಾರನನ್ನೂ ತೋಟಿಯನ್ನೂ ಸೇರಿಸಿದ್ದಾನೆ. ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯು 1812ರಲ್ಲಿ ಸಲ್ಲಿಸಿದ ಐದನೆಯ ವರದಿಯು ಇವರಿಬ್ಬರ ಕೆಲಸವನ್ನು ಬೇರ್ಪಡಿಸಿ ಹೇಳುತ್ತದೆ: ಅಪರಾಧಗಳ ಸುದ್ದಿ ತಿಳಿಯುವುದು, ದಾರಿಹೋಕರನ್ನು ಊರಿಂದೂರಿಗೆ ಕಾಪಾಡಿ ತಲಪಿಸುವುದು ತಳವಾರನ ಪಾಲು, ಪೈರನ್ನು ಕಾಯುವುದು, ಅಳತೆಗೆ ನೆರವಾಗುವುದು ತೋಟಿಯ ಪಾಲು. ಇವರಿಗೆ ಸುಗ್ಗಿಯಲ್ಲಿ ಕಣದ ಬಳಿ ಆಯವೂ, ಕೆಲವೆಡೆ ಇನಾಮು ಭೂಮಿಯೂ ಸಲ್ಲುತ್ತಿದ್ದುವು. ಮನೆಯ ಮಟ್ಟಿಗೆ ತೊಟ್ಟಿಯ ಒಳಮುಖದ ಕಟ್ಟಡ, ಬಾಗಿಲಿನ ಹಿಂದೆ ಮರದ ಅಗುಳಿ, ರಾಗಿಗೆ ನೆಲದೊಳಗಣ ಹಗೇವು, ಅಂಗಳದಲ್ಲಿ ನಾಯಿ ಇದ್ದುವು. ಇವೆಲ್ಲ ಒಮ್ಮೆ ಮಾಡಿಸಿದರೆ ಮುಗಿಯುವ ವೆಚ್ಚ. ವರ್ಷವರ್ಷವೂ ಕೊಡಬೇಕಾದದ್ದು ಕಾವಲಿನ ಆಯವೊಂದೇ. ಅದನ್ನು ತೆಗೆದುಕೊಂಡವನ ಮೇಲೆ ಹೊಣೆಯೂ ಬೀಳುತ್ತಿತ್ತು.

ಈ ಹೊಣೆಯನ್ನು ಹೊಗಳುವ ಮುನ್ನ ಸ್ವಲ್ಪ ನಿಲ್ಲಬೇಕು. ಪೇಶ್ವೆಯಿಂದ ಗೆದ್ದ ಪ್ರದೇಶಗಳನ್ನು ಕುರಿತು 1819ರಲ್ಲಿ ವರದಿ ಬರೆದ ಎಲ್ಫಿನ್‌ಸ್ಟನ್, ಕಳವಿನ ನಷ್ಟವನ್ನು ಊರಿನಿಂದ ವಸೂಲು ಮಾಡುವುದು ಅನ್ಯಾಯವೆಂದೇ ಹೇಳುತ್ತಾನೆ. ಏಕೆಂದರೆ ಕಳವನ್ನು ತಡೆಯುವ ಶಕ್ತಿಯಾಗಲಿ ನಷ್ಟವನ್ನು ತುಂಬುವ ಶಕ್ತಿಯಾಗಲಿ ಊರಿಗೆ ಇಲ್ಲದಿರಬಹುದಾಗಿತ್ತು. ಪೂರ್ತಿ ವಸೂಲು ಅಪರೂಪ, ದಂಡ ಮಾತ್ರ ಸಾಮಾನ್ಯವಾಗಿತ್ತೆಂದೂ ಅವನ ಬರಹದಿಂದ ತಿಳಿಯುತ್ತದೆ. ತೋಟಿಯಾದರೋ ಹೆಚ್ಚಾಗಿ ಅಸ್ಪೃಶ್ಯರೆಂದು ಊರ ಹೊರಗೆ ಇರಿಸಲ್ಪಟ್ಟವರಲ್ಲಿ ಒಬ್ಬನು. ಕದ್ದವನು ಸಿಕ್ಕದಿದ್ದಾಗ ಸಂಶಯಕ್ಕೂ ಏಟಿಗೂ ಮೊದಲು ಸಿಕ್ಕುತ್ತಿದ್ದವನು ಇವನೇ ಎಂದು ನಾವು ಊಹಿಸಿದರೆ ತಪ್ಪಾಗಲಾರದು. ಇನ್ನೊಂದು ಕೆಡುಕು ತಮಿಳು ನಾಡಿನ ದಕ್ಷಿಣ ಭಾಗದಲ್ಲಿ ಕಂಡುಬಂದಿತು. ಅಲ್ಲಿ ಕಾವಲಿನ ಹಣ ನಿಂತರೆ ದನ ಮಾಯವಾಗುತ್ತಿತ್ತು. ‘ತುಪ್ಪುಕೂಲಿ’ ಕೊಟ್ಟರೆ ಮರಳಿ ಬರುತ್ತಿತ್ತು. ಇದಕ್ಕೆ ಬೇಸತ್ತ ದಿಂಡಿಗಲ್ಲು ಕಡೆಯ ರೈತರು 1896ರಲ್ಲಿ ಹಳೆಯ ಕಾವಲಿನ ಏರ್ಪಾಡನ್ನೇ ಕಿತ್ತೊಗೆಯಲು ಸಂಘಟಿತರಾದರು. ಬಿಡಿಸಿಕೊಳ್ಳಲಾಗದ ಕಾವಲು ಕರಾರು ಹೊಸ ಕಾಲದ ಸೃಷ್ಟಿಯಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಮೈಸೂರು ಸಂಸ್ಥಾನದಲ್ಲಿ 1908ರ ಗ್ರಾಮಾಧಿಕಾರಗಳ ಕಾಯಿದೆಯು ಈ ಹುದ್ದೆಗಳನ್ನು ಕಟ್ಟುಪಾಡಿಗೆ ತಂದಿತು. 1961ರ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ಕೊನೆಗಾಣಿಸಿತು. ಹುಟ್ಟಿನಿಂದ ಬಂದ ದುಡಿಮೆಯಿಂದ ತೋಟಿಗೆ ಬಿಡುಗಡೆಯಾದದ್ದು ನ್ಯಾಯವೇ. ಆದರೆ ಊರಿನಲ್ಲಿ ಕಾವಲಿಗೆ ಹೆಸರಿಟ್ಟು ಹೊಣೆಗಾರನೆಂದು ತೋರಿಸಬಹುದಾದ ವ್ಯಕ್ತಿ ಇಲ್ಲವಾದನು.

ಅಷ್ಟರಲ್ಲಿ ಬೇರೊಂದು ಬಗೆಯ ಕಾವಲು ಸಮುದ್ರದಾಚೆ ಬೆಳೆದಿತ್ತು. ಅಮೆರಿಕದ ಅಗಸ್ಟಸ್ ರಸೆಲ್ ಪೋಪ್ ಎಂಬವನು 1853ರಲ್ಲಿ ವಿದ್ಯುತ್ತಿನ ಕಳ್ಳಗಂಟೆಗೆ ಪೇಟೆಂಟು ಪಡೆದನು. ಬಾಗಿಲು ತೆರೆದೊಡನೆ ವಿದ್ಯುನ್ಮಂಡಲ ಪೂರ್ಣಗೊಂಡು ಗಂಟೆ ಬಾರಿಸುತ್ತಿತ್ತು. 1857ರಲ್ಲಿ ಎಡ್ವಿನ್ ಹೋಮ್ಸ್ ಈ ಹಕ್ಕನ್ನು ಕೊಂಡು, ಮುಂದೆ ನ್ಯೂಯಾರ್ಕಿನಲ್ಲಿ ಅನೇಕ ಕಟ್ಟಡಗಳ ತಂತಿಗಳನ್ನು ಒಂದು ಕೇಂದ್ರ ಕಚೇರಿಗೆ ಎಳೆಸಿದನು. ನಮ್ಮ ದೃಷ್ಟಿಯಲ್ಲಿ ಇತಿಹಾಸದ ತಿರುವು ಇರುವುದು ಗಂಟೆಯಲ್ಲಲ್ಲ, ಈ ಕಚೇರಿಯಲ್ಲಿ. ಸುದ್ದಿ ತಿಳಿಸುವುದಷ್ಟೇ ಇಲ್ಲಿ ಸೇವೆಯಾಯಿತು. ಈ ವ್ಯಾಪಾರದ ಕರಾರುಗಳಲ್ಲಿ ನಷ್ಟದ ಹೊಣೆಯನ್ನು ಅತ್ಯಲ್ಪಕ್ಕೆ ಮಿತಗೊಳಿಸುವ ಷರತ್ತು ಕ್ರಮೇಣ ರೂಢಿಯಾಯಿತು. ಆಯ ಉಳಿಯಿತು, ಹೊಣೆ ಜಾರಿತು.

ಕೊಪ್ಪದ ಸುತ್ತಿನಲ್ಲಿ ತಂಬಾಕು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ ಒಲೆಯನ್ನು ಹಗಲಿರುಳೂ ನೋಡಬೇಕಾಗುತ್ತದೆ, ಮನೆ ಬರಿದಾಗಿರುತ್ತದೆ. ಅಲಾರಂ ಬೇಕೆನಿಸುವುದು ಸಹಜವೇ. ಬಾಗಿಲಿಗೆ ಅಯಸ್ಕಾಂತದ ಸ್ವಿಚ್ಚು, ನಡುಮನೆಗೆ ದೇಹದ ಶಾಖವನ್ನು ಗುರುತಿಸುವ ಸೆನ್ಸಾರು, ನೆರೆಮನೆಗೆ ಕೇಳಿಸುವ ಸೈರನ್ನು, ಕರೆಂಟು ಹೋದಾಗ ನಡೆಸುವ ಬ್ಯಾಟರಿ, ಮನೆಯವರ ಮೊಬೈಲಿಗೆ ಕರೆ ಮಾಡುವ ಸಿಮ್ಮು ಇಷ್ಟಿದ್ದರೆ ಸಾಮಾನ್ಯ ಮನೆಗೆ ಸಾಕೆಂಬುದು ನಮ್ಮ ಅಭಿಪ್ರಾಯ. ಬೆಕ್ಕು ಓಡಾಡುವ ಮನೆಯಲ್ಲಿ ಶಾಖದ ಸೆನ್ಸಾರನ್ನು ಇಡುವ ಜಾಗ ನೋಡಿ ಇಡಬೇಕು. ದೂರದ ನಗರದಲ್ಲಿರುವ ಕಾವಲು ಕೇಂದ್ರವು ಹೆಚ್ಚೆಂದರೆ ಮನೆಯವರಿಗೂ ಪೊಲೀಸರಿಗೂ ಫೋನು ಮಾಡೀತು. ಬರಬೇಕಾದವರು ನೆರೆಯವರು ಮತ್ತು 112ಕ್ಕೆ ಓಗೊಡುವ ಪೊಲೀಸರೇ.

ಇಷ್ಟರ ಮೇಲೂ ಕರಾರು ಬೇಕೆನ್ನುವವರು ಅದನ್ನು ನಮ್ಮ ವಿದ್ಯಾರ್ಥಿಗಳು ಶಾಸನವನ್ನು ಓದುವಂತೆ ಓದಬೇಕು. ದಾನಿ ಯಾರು, ಪ್ರತಿಗ್ರಹಿ ಯಾರು, ಅವಧಿಯೆಷ್ಟು? ಉಪಕರಣ ಮನೆಯವರ ಸ್ವತ್ತೋ, ಕಂಪನಿಯದೋ? ಅದರ ಸಂಕೇತಾಂಕ ಕಂಪನಿಯ ಕೈಯಲ್ಲೇ ಉಳಿದು ಬೇರೆ ಕುಶಲಿ ಮುಟ್ಟದಂತಾಗುವುದೋ? ಅವಧಿ ಮುಗಿದಾಗ ತಾನಾಗಿ ಮುಂದುವರಿಯುವುದೋ? ಕೊನೆಗೆ ಶಾಸನಗಳ ಶಾಪಾಶಯದ ಸ್ಥಾನದಲ್ಲಿ, ನಡುವೆ ಬಿಟ್ಟವರಿಗೆ ದಂಡವೆಂಬ ಮಾತು ಇರುತ್ತದೆ. ಈ ಶಾಪಕ್ಕೆ ಪರಿಹಾರವಿದೆ: 1872ರ ಕರಾರು ಕಾಯಿದೆಯ 74ನೆಯ ಪ್ರಕರಣದಂತೆ ನಮೂದಿಸಿದ ಮೊತ್ತಕ್ಕೆ ಮೀರದ ನ್ಯಾಯವಾದ ಪರಿಹಾರವನ್ನಷ್ಟೇ ಕೇಳಬಹುದು; 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ನಷ್ಟಕ್ಕೆ ತಕ್ಕುದಲ್ಲದ ದಂಡವನ್ನು ಅನ್ಯಾಯದ ಕರಾರಿನ ಲಕ್ಷಣಗಳಲ್ಲಿ ಎಣಿಸಿದೆ.

ನಷ್ಟವನ್ನು ತುಂಬಿಕೊಡುವ ತಳವಾರನ ಹಳೆಯ ಹೊಣೆ ಈಗ ಸೇರಿರುವುದು ವಿಮಾ ಕಂಪನಿಗೆ. ಗೃಹವಿಮೆಯಲ್ಲಿ ಕಳವಿನ ಭಾಗವನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕಾಗಬಹುದು. ಸಾಮಾನ್ಯವಾಗಿ ಅದು ಸಲ್ಲುವುದು ಬಾಗಿಲು ಮುರಿದ ಗುರುತೂ ಪೊಲೀಸರಲ್ಲಿ ದಾಖಲಾದ ದೂರೂ ಇದ್ದಾಗ.