ಹೀಟ್ ಪ್ರೆಸ್ ಕೊಳ್ಳುವ ಮುನ್ನ: ‘ಎಂಟು ಕೆಲಸಕ್ಕೆ ಒಂದೇ ಮೆಷಿನ್’ ಎನ್ನುವ ಮಾತು ಎಷ್ಟು ನಿಜ?

‘ಟೀ ಶರ್ಟ್, ಮಗ್, ಟೋಪಿ, ಪ್ಲೇಟ್, ಯಾವುದರ ಮೇಲಾದರೂ ಫೋಟೊ ಪ್ರಿಂಟ್ ಮಾಡಿ. ಮನೆಯಲ್ಲೇ ಕುಳಿತು ಸಂಪಾದಿಸಿ. ಒಂದೇ ಮೆಷಿನ್ ಸಾಕು!’ ಈ ಧಾಟಿಯ ವಿಡಿಯೊಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಒಬ್ಬರು ಬಿಳಿ ಟೀ ಶರ್ಟ್ ಮೇಲೆ ಕಾಗದ ಇಡುತ್ತಾರೆ, ಮೆಷಿನ್ ಮುಚ್ಚುತ್ತಾರೆ, ಒಂದು ನಿಮಿಷ ಕಳೆದ ಮೇಲೆ ಕಾಗದ ಎತ್ತುತ್ತಾರೆ. ಬಟ್ಟೆಯ ಮೇಲೆ ಚಿತ್ರ ಎದ್ದು ಕಾಣುತ್ತದೆ.

ವಿಡಿಯೊದಲ್ಲಿ ತೋರಿಸಿದ್ದು ಸುಳ್ಳಲ್ಲ. ಆದರೆ ಅದು ಯಾವ ಬಟ್ಟೆ, ಯಾವ ಮಗ್, ಯಾವ ಶಾಯಿ ಎಂಬುದನ್ನು ಅವರು ಹೇಳುವುದಿಲ್ಲ. ಸ್ತ್ರೀಶಕ್ತಿ ಸಂಘದ ಸಾಲವನ್ನೋ ಮುದ್ರಾ ಯೋಜನೆಯ ಶಿಶು ಸಾಲವನ್ನೋ ನಂಬಿ ಮೆಷಿನ್ ತರುವವರಿಗೆ ಬೇಕಾಗಿರುವುದು ಅದೇ ವಿವರ. ಶಿಶು ಸಾಲದ ಮಿತಿ 50,000 ರೂಪಾಯಿ. ಮೆಷಿನ್ ಆಯ್ಕೆ ತಪ್ಪಿದರೆ ಆ ಹಣದಲ್ಲಿ ಎರಡನೆಯದನ್ನು ಕೊಳ್ಳಲು ಏನೂ ಉಳಿಯುವುದಿಲ್ಲ.

‘ಯಾವ ಬಟ್ಟೆಯಾದರೂ ಆಗುತ್ತದೆ’: ಇದು ತಪ್ಪು

ಬೀರುವಿನಲ್ಲಿಟ್ಟ ನುಸಿಗುಳಿಗೆ ಕರಗಿ ನೀರಾಗುವುದಿಲ್ಲ, ದಿನದಿಂದ ದಿನಕ್ಕೆ ಸಣ್ಣದಾಗಿ ಕೊನೆಗೆ ಮಾಯವಾಗುತ್ತದೆ. ಘನವಸ್ತು ದ್ರವವಾಗದೆ ನೇರವಾಗಿ ಅನಿಲವಾಗುವ ಈ ಕ್ರಿಯೆಯನ್ನು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ‘ಉತ್ಪತನ’ ಎಂದು ಓದಿರುತ್ತೀರಿ. ಸಬ್ಲಿಮೇಶನ್ ಎಂದರೂ ಅದೇ. ಇದರ ಶಾಯಿಯಲ್ಲಿರುವ ಬಣ್ಣದ ಕಣಗಳು ಸುಮಾರು 190ರಿಂದ 205 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅನಿಲವಾಗಿ ಕಾಗದ ಬಿಟ್ಟು ಮೇಲೇಳುತ್ತವೆ. ಅದೇ ಬಿಸಿಗೆ ಪಾಲಿಯೆಸ್ಟರ್ ನೂಲಿನ ಒಳರಚನೆ ಸಡಿಲವಾಗಿರುತ್ತದೆ. ಬಣ್ಣ ನೂಲಿನ ಒಳಗೆ ಇಳಿಯುತ್ತದೆ, ಬಟ್ಟೆ ತಣ್ಣಗಾದಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದಲೇ ಈ ಮುದ್ರಣವನ್ನು ಮುಟ್ಟಿದರೆ ಕೈಗೆ ಪದರ ತಗಲುವುದಿಲ್ಲ, ಒಗೆದರೆ ಸಿಪ್ಪೆ ಏಳುವುದಿಲ್ಲ.

ಹತ್ತಿಯ ನೂಲಿಗೆ ಈ ಬಣ್ಣವನ್ನು ಹಿಡಿದಿಟ್ಟುಕೊಳ್ಳುವ ಗುಣವಿಲ್ಲ. ಪ್ರೆಸ್‌ನಿಂದ ತೆಗೆದಾಗ ಚಿತ್ರವೇನೋ ಕಾಣುತ್ತದೆ. ಎರಡು ಮೂರು ಸಲ ಒಗೆಯುವಷ್ಟರಲ್ಲಿ ಮಾಸಿಹೋಗುತ್ತದೆ. ಮೆಷಿನ್‌ನ ಬೆಲೆ ಎಷ್ಟೇ ಇರಲಿ, ಶಾಖ ಎಷ್ಟೇ ಏರಿಸಿ, ಇದು ಬದಲಾಗದು. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸಿದ ಬಟ್ಟೆಯಲ್ಲಿ ಪಾಲಿಯೆಸ್ಟರ್ ಪಾಲಿನಷ್ಟು ಬಣ್ಣ ಮಾತ್ರ ಉಳಿದು ಚಿತ್ರ ಮಂಕಾಗಿ ಕಾಣುತ್ತದೆ. ಕೈಲಿರುವ ಬಟ್ಟೆ ಯಾವುದೆಂಬ ಅನುಮಾನವಿದ್ದರೆ ಒಂದೆರಡು ಎಳೆ ನೂಲನ್ನು ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ.

ಇನ್ನೊಂದು ಮಿತಿ ಬಣ್ಣದ್ದು. ಸಬ್ಲಿಮೇಶನ್‌ನಲ್ಲಿ ಬಿಳಿ ಶಾಯಿ ಎಂಬುದೇ ಇಲ್ಲ. ಬಟ್ಟೆಯ ಬಣ್ಣವೇ ಚಿತ್ರದ ಬಿಳಿ. ನವೆಂಬರ್ ಹತ್ತಿರವಾದಂತೆ ರಾಜ್ಯೋತ್ಸವದ ಹಳದಿ ಟೀ ಶರ್ಟ್ ಕೇಳಿಕೊಂಡು ಜನ ಬರುತ್ತಾರೆ ಎಂದಿಟ್ಟುಕೊಳ್ಳಿ. ಹಳದಿ ಪಾಲಿಯೆಸ್ಟರ್ ಮೇಲೆ ಕೆಂಪು ಅಕ್ಷರ ಚೆನ್ನಾಗಿಯೇ ಬರುತ್ತದೆ. ನೀಲಿ ಹಾಕಿದರೆ ಹಸಿರಾಗುತ್ತದೆ. ಬಿಳಿ ಅಕ್ಷರ ಬೇಕೆಂದರೆ ಸಾಧ್ಯವಿಲ್ಲ. ಕಪ್ಪು ಬಟ್ಟೆಯ ಮೇಲಂತೂ ಏನೂ ಕಾಣುವುದಿಲ್ಲ.

ಮಗ್‌ಗಳದೂ ಇದೇ ಕಥೆ. ಪಾತ್ರೆ ಅಂಗಡಿಯ ಸಾಮಾನ್ಯ ಪಿಂಗಾಣಿ ಮಗ್ ಈ ಬಣ್ಣವನ್ನು ಹಿಡಿಯುವುದಿಲ್ಲ. ಹೊರಮೈಗೆ ಪಾಲಿಮರ್ ಲೇಪನ ಕೊಟ್ಟ ‘ಸಬ್ಲಿಮೇಶನ್ ಮಗ್’ ಎಂದೇ ಕೇಳಿ ತರಬೇಕು. ಸ್ಟೀಲ್ ಬಾಟಲಿ, ಟೈಲ್ಸ್, ಮರದ ಹಲಗೆ ಎಲ್ಲಕ್ಕೂ ಲೇಪನ ಬೇಕೇ ಬೇಕು.

ಹಾಗಾಗಿ ನಮ್ಮನ್ನು ಯಾರಾದರೂ ‘ಯಾವ ಮೆಷಿನ್ ತರಲಿ?’ ಎಂದು ಕೇಳಿದರೆ ನಾವು ತಿರುಗಿ ಕೇಳುವುದು ಒಂದೇ: ನಿಮ್ಮೂರಿನಲ್ಲಿ ನಿಮ್ಮಿಂದ ಏನನ್ನು ಕೊಳ್ಳುತ್ತಾರೆ? ಕಬಡ್ಡಿ, ಕ್ರಿಕೆಟ್ ಟೂರ್ನಿಯ ಜೆರ್ಸಿಯೇ? ಅದು ಪಾಲಿಯೆಸ್ಟರ್, ಸಬ್ಲಿಮೇಶನ್‌ಗೆ ಹೇಳಿ ಮಾಡಿಸಿದ್ದು. ಮದುವೆ, ಹುಟ್ಟುಹಬ್ಬದ ಮಗ್‌ಗಳೇ? ಅದಕ್ಕೆ ಬೇರೆಯದೇ ಮೆಷಿನ್. ಕಾಲೇಜು ಹುಡುಗರು ಕೇಳುವ ಕಪ್ಪು ಕಾಟನ್ ಟೀ ಶರ್ಟೇ? ಅದು ಸಬ್ಲಿಮೇಶನ್ ಕೆಲಸವೇ ಅಲ್ಲ. ಅದಕ್ಕೆ ಡಿಟಿಎಫ್ ಎಂಬ ಬೇರೆ ವಿಧಾನವಿದೆ. ಡಿಟಿಎಫ್ ಹಾಳೆಗಳನ್ನು ಹೊರಗೆ ಪ್ರಿಂಟ್ ಮಾಡಿಸಿಕೊಂಡು ಬಂದು ಅದೇ ಚಪ್ಪಟೆ ಹೀಟ್ ಪ್ರೆಸ್‌ನಲ್ಲಿ ಒತ್ತಬಹುದು. ಮೊದಲ ಖರೀದಿಗೆ ಚಪ್ಪಟೆ ಪ್ರೆಸ್ ಒಳ್ಳೆಯದು ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಎಂಟರಲ್ಲಿ ಒಂದು, ಒಂದರಲ್ಲಿ ಎಂಟು

‘8 ಇನ್ 1’ ಮೆಷಿನ್ ಎಂದರೆ ಒಂದು ಪ್ರೆಸ್, ಜೊತೆಗೆ ಬದಲಾಯಿಸಿ ಹಾಕುವ ಬಿಡಿಭಾಗಗಳು: ಚಪ್ಪಟೆ ಹಲಗೆ, ಟೋಪಿಯದು, ತಟ್ಟೆಯ ಒಂದೆರಡು ಅಳತೆ, ಮಗ್‌ಗೆ ಸುತ್ತುವ ಹೀಟರ್‌ಗಳು. ಎಂಟು ಕೆಲಸವನ್ನೂ ಅದು ಮಾಡುತ್ತದೆ, ಆದರೆ ಒಂದು ಸಲಕ್ಕೆ ಒಂದನ್ನು ಮಾತ್ರ. ಟೀ ಶರ್ಟ್ ಒತ್ತಿ ಮುಗಿಸಿ ಮಗ್‌ಗೆ ಹೋಗಬೇಕಾದರೆ ಹಲಗೆ ತಣಿಯುವವರೆಗೆ ಕಾಯಬೇಕು, ಬಿಚ್ಚಬೇಕು, ಪ್ಲಗ್ ಬದಲಿಸಬೇಕು, ಮತ್ತೆ ಬಿಸಿಯಾಗಲು ಕಾಯಬೇಕು. ಪದೇ ಪದೇ ಬಿಚ್ಚಿ ಹಾಕುವ ಕನೆಕ್ಟರ್ ಸಡಿಲವಾಗುತ್ತದೆ. ಚಪ್ಪಟೆ ಹಲಗೆಯೂ ಇಂಥವುಗಳಲ್ಲಿ ಸಾಮಾನ್ಯವಾಗಿ ಚಿಕ್ಕದು, 29×38 ಸೆಂ.ಮೀ. ಆಸುಪಾಸು.

ಕಲಿಯಲು, ಊರಿನಲ್ಲಿ ಯಾವುದಕ್ಕೆ ಬೇಡಿಕೆ ಇದೆ ಎಂದು ನೋಡಲು ಇದು ಕೆಟ್ಟದ್ದೇನಲ್ಲ. ತಿಂಗಳಿಗೆ ಹತ್ತಿಪ್ಪತ್ತು ಉಡುಗೊರೆ ಮಾಡುವವರಿಗೆ ಸಾಕಾಗುತ್ತದೆ. ಆದರೆ ಆರ್ಡರ್ ನಂಬಿ ಕೆಲಸ ಶುರು ಮಾಡುವವರು ಒಂದು ಚಪ್ಪಟೆ ಪ್ರೆಸ್ ತೆಗೆದುಕೊಂಡು, ಮಗ್ ಕೇಳುವವರು ಬಂದಾಗ ಬೇರೆಯದೇ ಸಣ್ಣ ಮಗ್ ಪ್ರೆಸ್ ಸೇರಿಸಿಕೊಳ್ಳುವುದು ಮೇಲು. ಎರಡೂ ಒಟ್ಟಿಗೆ ಓಡುತ್ತವೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಿಲ್ಲದು.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಮಗ್ ಒಂದಕ್ಕೆ ಸುಮಾರು ಮೂರು ನಿಮಿಷ ಶಾಖ ಬೇಕು. ಕಾಗದ ಸುತ್ತಿ, ಟೇಪ್ ಅಂಟಿಸಿ, ತೆಗೆಯುವುದೂ ಸೇರಿದರೆ ಒಬ್ಬರೇ ಗಂಟೆಗೆ ಹನ್ನೆರಡು ಮಾಡುವುದೇ ಹೆಚ್ಚು. ಮದುವೆಗೆ ನೂರು ಮಗ್ ಎಂದರೆ ಎಂಟು ಗಂಟೆ ದಾಟುತ್ತದೆ. ‘ನಾಳೆ ಬೆಳಗ್ಗೆ ಕೊಡುತ್ತೇವೆ’ ಎನ್ನುವ ಮುನ್ನ ಇದು ತಲೆಯಲ್ಲಿರಲಿ.

ಅಳತೆ, ಆಕಾರ, ಒತ್ತಡ

ಪ್ರೆಸ್‌ನ ಅಳತೆ ನಿರ್ಧರಿಸುವುದು ನಿಮ್ಮ ಪ್ರಿಂಟರ್. ಎ4 ಹಾಳೆ 21×29.7 ಸೆಂ.ಮೀ. ಇದಕ್ಕೆ 38×38 ಸೆಂ.ಮೀ. ಅಂದರೆ 15×15 ಇಂಚಿನ ಪ್ರೆಸ್ ಧಾರಾಳವಾಯಿತು. ಎ3 ಹಾಳೆಯ ಉದ್ದ 42 ಸೆಂ.ಮೀ. ಅದು 38ರ ಹಲಗೆಯಲ್ಲಿ ಪೂರ್ತಿ ಕೂರುವುದಿಲ್ಲ. ಎರಡು ಸಲ ಒತ್ತಿದರೆ ನಡುವೆ ಗೆರೆ ಉಳಿಯುವ ಅಪಾಯವಿದೆ. ದೊಡ್ಡವರ ಜೆರ್ಸಿಗೆ ಎ3 ಚಿತ್ರ ಹಾಕುವ ಯೋಚನೆ ಇದ್ದರೆ 16×20 ಅಥವಾ 16×24 ಇಂಚಿನದನ್ನೇ ನೋಡಿ.

ಆಕಾರದಲ್ಲಿ ಮುಖ್ಯವಾಗಿ ಎರಡು ಬಗೆ. ಮೊಸಳೆ ಬಾಯಿಯಂತೆ ತೆರೆದು ಮುಚ್ಚುವುದು ಕ್ಲಾಮ್‌ಶೆಲ್. ಕಡಿಮೆ ಜಾಗ ಸಾಕು, ಕೆಲಸ ವೇಗ. ಆದರೆ ದಪ್ಪ ವಸ್ತು ಇಟ್ಟರೆ ಕೀಲಿನ ಕಡೆ ಮೊದಲು ಒತ್ತಿ, ಮುಂದಿನ ಕಡೆ ಸಡಿಲ ಉಳಿಯುತ್ತದೆ. ಮೇಲಿನ ಹಲಗೆ ಪಕ್ಕಕ್ಕೆ ತಿರುಗಿ, ನೇರವಾಗಿ ಕೆಳಗೆ ಇಳಿಯುವುದು ಸ್ವಿಂಗ್ ಅವೇ. ಟೈಲ್ಸ್, ಮರದ ಹಲಗೆಗೆ ಇದೇ ಸರಿ. ಬಿಸಿ ಹಲಗೆ ಕೈಗಳ ಮೇಲೆ ತೂಗುತ್ತಿರುವುದಿಲ್ಲ ಎಂಬ ಸಮಾಧಾನವೂ ಇದೆ. ಆದರೆ ಅದು ತಿರುಗಲು ಪಕ್ಕದಲ್ಲಿ ಜಾಗ ಬೇಕು, ಓಡಾಡುವ ಮಕ್ಕಳಿದ್ದರೆ ಆ ಪಕ್ಕವನ್ನು ಗೋಡೆಯ ಕಡೆಗೆ ಇಟ್ಟುಕೊಳ್ಳಬೇಕು. ಬರೀ ಟೀ ಶರ್ಟ್ ಮಾಡುವವರಿಗೆ ಕ್ಲಾಮ್‌ಶೆಲ್ ಸಾಕು ಎಂಬುದು ನಮ್ಮ ಅಭಿಪ್ರಾಯ.

ಒತ್ತಡ ಯಾಕೆ ಇಷ್ಟು ಮುಖ್ಯ? ಬಣ್ಣ ಅನಿಲವಾಗಿ ಬರುತ್ತದಲ್ಲ, ಕಾಗದಕ್ಕೂ ಬಟ್ಟೆಗೂ ನಡುವೆ ಸಂದು ಉಳಿದರೆ ಅದು ಅಡ್ಡಾದಿಡ್ಡಿ ಹರಡುತ್ತದೆ. ಗೆರೆ ಮಸುಕಾಗುತ್ತದೆ. ಪ್ರೆಸ್ ತೆರೆಯುವಾಗ ಕಾಗದ ಕೂದಲೆಳೆಯಷ್ಟು ಜರುಗಿದರೂ ಚಿತ್ರದ ಪಕ್ಕದಲ್ಲಿ ನೆರಳು ಮೂಡುತ್ತದೆ. ಶಾಖ ತಡೆಯುವ ಟೇಪ್ ಅಂಟಿಸುವುದು ಇದಕ್ಕೇ.

‘ಇಸ್ತ್ರಿ ಪೆಟ್ಟಿಗೆಯಲ್ಲೇ ಮಾಡಬಹುದು’ ಎಂಬ ಫಾರ್ವರ್ಡ್‌ಗೂ ಉತ್ತರ ಇಲ್ಲೇ ಇದೆ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವುದೇನೋ ಹೌದು. ಅದರ ಶಾಖ ಏರಿಳಿಯುತ್ತದೆ, ತಳದಲ್ಲಿ ಉಗಿಯ ತೂತುಗಳಿರುತ್ತವೆ, ಕೈಯ ಒತ್ತಡ ಒಂದೇ ಸಮ ಇರುವುದಿಲ್ಲ. ಅಂಗೈಯಗಲದ ಚಿತ್ರವನ್ನು ಹೇಗೋ ಮಾಡಬಹುದು, ಹಣ ತೆಗೆದುಕೊಂಡು ಕೊಡುವ ಕೆಲಸಕ್ಕೆ ಅದು ಆಗದು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಪರದೆಯ ಮೇಲೆ 200 ಎಂದು ತೋರಿಸಿದ ಮಾತ್ರಕ್ಕೆ ಹಲಗೆಯ ಎಲ್ಲ ಕಡೆಯೂ 200 ಇರಬೇಕೆಂದಿಲ್ಲ. ಸಂವೇದಕ ಇರುವ ಜಾಗದ ಬಿಸಿಯನ್ನಷ್ಟೇ ಅದು ಹೇಳುತ್ತದೆ. ಮೆಷಿನ್ ಬಿಸಿಯಾಗಿ ಹತ್ತು ನಿಮಿಷ ಕಳೆದ ಮೇಲೆ ನಡುವೆ ಮತ್ತು ನಾಲ್ಕೂ ಮೂಲೆಗಳಲ್ಲಿ ಟೆಂಪರೇಚರ್ ಗನ್ ಹಿಡಿದು ನೋಡಿ. ಹೊಳೆಯುವ ಬರಿ ಅಲ್ಯೂಮಿನಿಯಂ ಮೇಲೆ ಈ ಗನ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಕಪ್ಪು ಟೆಫ್ಲಾನ್ ಲೇಪನದ ಮೇಲೆ ಹೆಚ್ಚು ನಂಬಬಹುದು. ಒಂದು ಸಂಖ್ಯೆಗಿಂತ, ಐದು ಜಾಗಗಳ ನಡುವಿನ ವ್ಯತ್ಯಾಸವೇ ಮುಖ್ಯ.

ಒತ್ತಡ ನೋಡಲು ಇನ್ನೂ ಸುಲಭ. ಮೆಷಿನ್ ತಣ್ಣಗಿರುವಾಗ ನಾಲ್ಕು ಮೂಲೆಗಳಲ್ಲಿ ನಾಲ್ಕು ಕಾಗದದ ಪಟ್ಟಿ ಇಟ್ಟು ಮುಚ್ಚಿ, ಒಂದೊಂದಾಗಿ ಎಳೆಯಿರಿ. ಎಲ್ಲವೂ ಒಂದೇ ಬಿಗಿಯಲ್ಲಿರಬೇಕು. ಒಂದು ಸಲೀಸಾಗಿ ಜಾರಿ ಬಂದರೆ ಆ ಮೂಲೆಯಲ್ಲಿ ನಿಮ್ಮ ಚಿತ್ರ ಯಾವಾಗಲೂ ಮಂಕಾಗುತ್ತದೆ. ಸಾಧ್ಯವಾದರೆ ಹಲಗೆಯಗಲ ಒಂದೇ ಗಾಢ ಬಣ್ಣ ತುಂಬಿದ ಹಾಳೆಯನ್ನು ಬಿಳಿ ಪಾಲಿಯೆಸ್ಟರ್ ಮೇಲೆ ಒತ್ತಿಸಿ ನೋಡಿ. ಬಿಸಿ ಸಾಲದ ಜಾಗ ಮಚ್ಚೆಯಂತೆ ಕಾಣುತ್ತದೆ. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಗಡುವಿನೊಳಗೆ ಇಷ್ಟನ್ನೂ ಮಾಡಿ, ವಿಡಿಯೊ ತೆಗೆದಿಟ್ಟುಕೊಳ್ಳಿ. ಹೀಟರ್, ಟೈಮರ್, ತಾಪಮಾನ ನಿಯಂತ್ರಕ ಬಿಡಿಯಾಗಿ ಸಿಗುತ್ತವೆಯೇ, ನಿಮ್ಮ ಜಿಲ್ಲೆಯಲ್ಲಿ ರಿಪೇರಿ ಮಾಡುವವರಿದ್ದಾರೆಯೇ ಎಂದೂ ಕೇಳಿ. ಈ ಎರಡು ಪ್ರಶ್ನೆಗೆ ತಡವರಿಸುವ ಅಂಗಡಿಯಲ್ಲಿ ರಿಯಾಯಿತಿ ಎಷ್ಟಿದ್ದರೂ ನಾವು ಕೊಳ್ಳುವುದಿಲ್ಲ.

ವಿದ್ಯುತ್, ಹೊಗೆ ಮತ್ತು ಪ್ರಿಂಟರ್

15×15 ಇಂಚಿನ ಪ್ರೆಸ್ ಸಾಮಾನ್ಯವಾಗಿ 1,400ರಿಂದ 1,800 ವಾಟ್ ಎಳೆಯುತ್ತದೆ. 230 ವೋಲ್ಟ್‌ನಲ್ಲಿ 1,800 ವಾಟ್ ಎಂದರೆ 8 ಆಂಪಿಯರ್‌ಗೆ ಹತ್ತಿರ. ಟಿವಿ, ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್, ಎಕ್ಸ್‌ಟೆನ್ಶನ್ ಬಾಕ್ಸ್ ಇದನ್ನು ತಾಳುವುದಿಲ್ಲ, ಕರಗಿ ಬೆಂಕಿ ಹೊತ್ತಿಕೊಳ್ಳಬಹುದು. ಗೀಸರ್‌ಗೆ ಹಾಕುವಂಥ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಎರಡೂ ಬೇಕು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಆಮೇಲೆ ಮೆಷಿನ್ ತರಿಸಿ.

ಬಿಲ್ಲಿನ ವಿಷಯ. 1.5 ಕಿಲೋವಾಟ್ ಪ್ರೆಸ್ ದಿನಕ್ಕೆ ನಾಲ್ಕು ಗಂಟೆ ಓಡಿದರೆ ಹೆಚ್ಚೆಂದರೆ 6 ಯೂನಿಟ್, 25 ದಿನಕ್ಕೆ 150 ಯೂನಿಟ್. ಹೀಟರ್ ನಡುನಡುವೆ ತಾನೇ ಆಫ್ ಆಗುವುದರಿಂದ ನಿಜವಾದ ಬಳಕೆ ಇದಕ್ಕಿಂತ ಕಡಿಮೆ. ಆದರೂ ಮನೆಯ ಬಳಕೆಯೂ ಸೇರಿ 200 ಯೂನಿಟ್ ದಾಟಿದ ತಿಂಗಳು ಗೃಹಜ್ಯೋತಿ ಸಿಗುವುದಿಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಮನೆಯ ಸಂಪರ್ಕದಲ್ಲಿ ವ್ಯಾಪಾರದ ಕೆಲಸ ಮಾಡಲು ನಿಯಮವೇನು, ಮಂಜೂರಾದ ಲೋಡ್ ಸಾಕೇ ಎಂದು ನಿಮ್ಮ ಬೆಸ್ಕಾಂ, ಹೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಒತ್ತುವಾಗ ಹಬೆ, ಸ್ವಲ್ಪ ಹೊಗೆ ಬರುತ್ತದೆ. ಕಿಟಕಿ ತೆರೆದಿರಲಿ, ಎಕ್ಸಾಸ್ಟ್ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು. ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ, ಬಟ್ಟೆ ತೇವ ಹೀರಿರುತ್ತದೆ. ಐದಾರು ಸೆಕೆಂಡ್ ಬರಿ ಬಟ್ಟೆಯನ್ನು ಒತ್ತಿ ಒಣಗಿಸಿ ಆಮೇಲೆ ಕಾಗದ ಇಡಿ. ಬಣ್ಣ ಗಾಢವಾಗಲಿ ಎಂದು ಶಾಖ ಏರಿಸುತ್ತಾ ಹೋದರೆ ಪಾಲಿಯೆಸ್ಟರ್ ಹಳದಿಯಾಗುತ್ತದೆ, ಹಲಗೆಯ ಅಂಚಿನ ಗುರುತು ಹೊಳೆಯುತ್ತಾ ಉಳಿಯುತ್ತದೆ.

ಪ್ರೆಸ್ ಬೆಲೆಯನ್ನಷ್ಟೇ ನೋಡಿ ಹೊರಟವರು ಎಡವುವುದು ಪ್ರಿಂಟರ್ ಹತ್ತಿರ. ಮನೆಯ ಲೇಸರ್ ಪ್ರಿಂಟರ್, ಮಾಮೂಲಿ ಶಾಯಿಯ ಇಂಕ್‌ಜೆಟ್ ಇದಕ್ಕೆ ಬರುವುದಿಲ್ಲ. ಸಬ್ಲಿಮೇಶನ್ ಶಾಯಿಯೇ ಬೇಕು. ಎಚ್‌ಪಿ, ಕ್ಯಾನನ್‌ನ ಸಾಮಾನ್ಯ ಇಂಕ್‌ಜೆಟ್‌ಗಳು ಶಾಯಿಯನ್ನು ಬಿಸಿ ಮಾಡಿ ಚಿಮ್ಮಿಸುತ್ತವೆ, ಈ ಶಾಯಿಗೆ ಅದು ಹೊಂದದು. ಎಪ್ಸನ್‌ನ ಪ್ರಿಂಟರ್‌ಗಳು ಬಿಸಿ ಮಾಡದೆ ಒತ್ತಡದಿಂದ ಚಿಮ್ಮಿಸುವುದರಿಂದ ಹೆಚ್ಚಿನವರು ಅವನ್ನು ಬಳಸುತ್ತಾರೆ. ಮಾಮೂಲಿ ಮಾದರಿಗೆ ಈ ಶಾಯಿ ತುಂಬಿದರೆ ವಾರಂಟಿ ಕೈಬಿಟ್ಟಂತೆ. ವಾರಗಟ್ಟಲೆ ಸುಮ್ಮನೆ ಬಿಟ್ಟರೆ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಕಾಗದದ ಮೇಲೆ ಬಣ್ಣ ಮಂಕಾಗಿ ಕಂಡರೆ ಗಾಬರಿ ಬೇಡ, ಬಿಸಿ ತಗಲಿದ ಮೇಲೆಯೇ ಅದು ಅರಳುವುದು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ಮಾಡುವುದನ್ನು ಮರೆತರೆ ಮಾತ್ರ ‘ಕರ್ನಾಟಕ’ ಎಂಬುದು ಉಲ್ಟಾ ಅಚ್ಚಾಗಿರುತ್ತದೆ, ಆ ಟೀ ಶರ್ಟ್ ಒರೆಸುವ ಬಟ್ಟೆಗಷ್ಟೇ ಲಾಯಕ್ಕು.

‘ನೀವು ಮಾಡಿ ಕೊಡಿ, ನಾವೇ ಕೊಳ್ಳುತ್ತೇವೆ’

ಕೆಲವು ವಿಡಿಯೊಗಳ ಕೊನೆಗೆ ಇಂಥ ಭರವಸೆ ಇರುತ್ತದೆ. ಮೆಷಿನ್ ನಮ್ಮಿಂದಲೇ ಕೊಳ್ಳಿ, ಕಚ್ಚಾವಸ್ತು ನಾವೇ ಕೊಡುತ್ತೇವೆ, ಪ್ರಿಂಟ್ ಮಾಡಿದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಎನ್ನುತ್ತಾರೆ. ಹಾಗೆ ಹೇಳುವವರ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಹೆಸರು, ವಿಳಾಸ ತಾಳೆ ನೋಡಿ. ದರ, ಪ್ರಮಾಣ, ಹಣ ಕೊಡುವ ದಿನ ಬರೆದ ಒಪ್ಪಂದ ಕೇಳಿ. ‘ಗುಣಮಟ್ಟ ಸರಿಯಿಲ್ಲ’ ಎಂದು ತಿರಸ್ಕರಿಸುವ ಹಕ್ಕು ಯಾರದು ಎಂಬ ಸಾಲನ್ನು ಎರಡು ಸಲ ಓದಿ. ಆ ಒಂದು ಸಾಲಿನ ಬಲದಿಂದಲೇ ಅವರು ಒಂದೂ ಮಗ್ ಕೊಳ್ಳದೆ ಉಳಿಯಬಹುದು. ಅಂಗಡಿಗೆ ಬಂದು ನೋಡುತ್ತೇವೆ ಎಂದಾಗ ವಿಳಾಸ ಕೊಡದೆ ಯುಪಿಐ ಮುಂಗಡವನ್ನಷ್ಟೇ ಕೇಳುವವರಿಗೆ ಹಣ ಹಾಕಬೇಡಿ.

ಮುಂಗಡ ಕಳಿಸಿ ಮೋಸವಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೆಷಿನ್ ಕೈಗೆ ಬಂದು, ಅದು ಕೆಟ್ಟಿದ್ದು, ಅಂಗಡಿಯವರು ಬದಲಿಸಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎರಡಕ್ಕೂ ಬಿಲ್, ಪಾವತಿಯ ಸ್ಕ್ರೀನ್‌ಶಾಟ್, ಮೊದಲ ದಿನ ತೆಗೆದ ಆ ವಿಡಿಯೊ ಜೊತೆಗಿರಲಿ.