ರಾಜನ ಹೊಸ ಕವಚ, ಮುಚ್ಚದ ಮುಖ
1524ರ ಮಾರ್ಚ್ 10, ಇಂಗ್ಲೆಂಡ್. ದೊರೆ 8ನೇ ಹೆನ್ರಿ ತಾನೇ ಹೇಳಿ ಮಾಡಿಸಿದ್ದ ಹೊಸ ಕವಚ ತೊಟ್ಟು ಈಟಿ ಕಾಳಗಕ್ಕೆ ಕುದುರೆ ಏರಿದ. ಎದುರಿಗೆ ಗೆಳೆಯ ಚಾರ್ಲ್ಸ್ ಬ್ರಾಂಡನ್. ಹೆನ್ರಿ ಹೆಲ್ಮೆಟ್‌ನ ಮುಖದ ಮುಚ್ಚಳ ಇಳಿಸೋದನ್ನೇ ಮರೆತ! ಜನ ‘ನಿಲ್ಲಿ, ನಿಲ್ಲಿ’ ಅಂತ ಕೂಗಿದ್ರು. ಆದರೆ ಬ್ರಾಂಡನ್‌ಗೆ ತನ್ನ ಹೆಲ್ಮೆಟ್ ಒಳಗಿಂದ ದೊರೆ ಕಾಣಲಿಲ್ಲ, ಕೂಗೂ ಕೇಳಲಿಲ್ಲ. ಈಟಿ ಮುರಿದು ಚೂರುಗಳು ದೊರೆಯ ಹೆಲ್ಮೆಟ್ ತುಂಬಿದವು. ಪುಣ್ಯಕ್ಕೆ ಗಾಯ ಆಗಲಿಲ್ಲ.

1559ರಲ್ಲಿ ಫ್ರಾನ್ಸ್‌ನ 2ನೇ ಹೆನ್ರಿಗೆ ಆ ಪುಣ್ಯ ಇರಲಿಲ್ಲ. ಈಟಿಯ ಸೀಳು ಕಣ್ಣಿನ ಬಳಿ ಹೊಕ್ಕು, 10 ದಿನದಲ್ಲಿ ತೀರಿಕೊಂಡ.

ಇವತ್ತು ಬುಹರ್ಟ್ ಕಾದಾಟಕ್ಕೆ ಹೆಲ್ಮೆಟ್ ಮಾಡಿಸೋರಿಗೂ ಅದೇ ಲೆಕ್ಕ: ಕಣ್ಣಿನ ಕಿಂಡಿ ಅಗಲವಾದ್ರೆ ಚೆನ್ನಾಗಿ ಕಾಣುತ್ತೆ, ಆಯುಧಕ್ಕೂ ದಾರಿಯಾಗುತ್ತೆ. ತಲೆ ಅಳತೆ ಕೊಡುವಾಗ ಒಳಗಿನ ಪ್ಯಾಡಿಂಗ್ ಲೆಕ್ಕಕ್ಕೆ ಹಿಡೀರಿ. ಬೆಲೆ ಕೇಳೋ ಮೊದಲು ಮುಚ್ಚಳದ ಕೊಂಡಿ ಗಟ್ಟಿಯಾ ಅಂತ ಕೇಳಿ.