ಸೆಸ್ಸಿನ ಪೂರ್ವಾಪರ

ಐರ್ಲೆಂಡಿನ ಹಳಬರು ಯಾರಿಗಾದರೂ ಹಿಡಿಶಾಪ ಹಾಕುವಾಗ ‘ಬ್ಯಾಡ್ ಸೆಸ್ ಟು ಯೂ’ ಅನ್ನುತ್ತಿದ್ದರು. ‘ನಿನ್ನ ಮನೆ ಹಾಳಾಗ’ ಎಂಬ ನಮ್ಮ ಬೈಗುಳಕ್ಕೆ ಹತ್ತಿರದ್ದು. ಈ ಬೈಗುಳದೊಳಗೆ ‘ಸೆಸ್’ ಹೇಗೆ ಬಂತು ಎಂಬ ಬಗ್ಗೆ ನಿಘಂಟುಕಾರರಲ್ಲಿ ಒಮ್ಮತವಿಲ್ಲ. ತೆರಿಗೆಯಿಂದಲೇ ಬಂತು ಎನ್ನುವವರೂ ಇದ್ದಾರೆ.

16ನೆಯ ಶತಮಾನದಲ್ಲಿ ಡಬ್ಲಿನ್ ಸುತ್ತಲಿನ ಸೀಮೆ ಇಂಗ್ಲೆಂಡಿನ ರಾಣಿಯ ಆಳ್ವಿಕೆಯಲ್ಲಿತ್ತು. ಅಲ್ಲಿದ್ದ ಆಕೆಯ ಪ್ರತಿನಿಧಿಯ ಮನೆಗೂ ಅವನ ದಂಡಿಗೂ ಬೇಕಾದ ಧಾನ್ಯ, ದನಗಳನ್ನು ಸುತ್ತಲಿನವರೇ ಒದಗಿಸಬೇಕಿತ್ತು. ಪುಕ್ಕಟೆಯೇನಲ್ಲ, ಆದರೆ ಬೆಲೆ ಕಟ್ಟುವವರು ಕೊಳ್ಳುವವರೇ. ಹೀಗೆ ‘ಅಸೆಸ್’ ಮಾಡಿದ್ದಕ್ಕೆ, ಅಂದರೆ ಕಂದಾಯ ನಿಗದಿ ಮಾಡಿದ್ದಕ್ಕೆ, ಬಾಯಿಮಾತಿನಲ್ಲಿ ಸೆಸ್ ಎಂಬ ಹೆಸರಾಯಿತು. 1577ರಲ್ಲಿ ಸೀಮೆಯ ಭೂಮಾಲೀಕರು ಮೂವರು ವಕೀಲರನ್ನು ಲಂಡನ್ನಿಗೆ ಕಳಿಸಿ ರಾಣಿಯ ಮುಂದೆ ದೂರಿಟ್ಟರು. ಮೊದಲನೆಯ ಎಲಿಜಬೆತ್ ದೂರು ತಂದವರನ್ನೇ ಸೆರೆಗೆ ಹಾಕಿಸಿದಳು. ಶಾಪ ಹುಟ್ಟಲು ಇಷ್ಟು ಸಾಲದೇ?

ಇಂಗ್ಲೆಂಡಿನಲ್ಲಿ ಈ ಮಾತು ಕ್ರಮೇಣ ಮೂಲೆ ಸೇರಿತು. ಅದು ಹೊಸದಾಗಿ ಚಿಗುರಿದ್ದು ಭಾರತದ ಕಂದಾಯ ಕಚೇರಿಗಳಲ್ಲಿ, ಅದೂ ಬೇರೆಯೇ ಒಂದು ಗುಣದೊಂದಿಗೆ. ಇಲ್ಲಿ ಸೆಸ್ ಎಂದರೆ ಮೂಲ ತೆರಿಗೆಯ ಮೇಲೆ, ಇಂಥದ್ದೇ ಖರ್ಚಿಗೆಂದು ಹೇಳಿ ಎತ್ತುವ ಹಣ. ಕನ್ನಡದ ಸರ್ಕಾರಿ ಕಾಗದಗಳಲ್ಲಿ ಅದು ‘ಉಪಕರ’. ಎಪಿಎಂಸಿ ಯಾರ್ಡಿನ ವರ್ತಕರಂತೂ ಮಾರುಕಟ್ಟೆ ಶುಲ್ಕವನ್ನೂ ಸೆಸ್ ಎಂದೇ ಕರೆಯುತ್ತಾರೆ.

ನಮ್ಮ ಶಾಸನಗಳಲ್ಲಿ ಬರುವ ಹಳೆಯ ತೆರಿಗೆಗಳ ಹೆಸರು ನೋಡಿ: ಮಗ್ಗದೆರೆ, ಗಾಣದೆರೆ, ಮದುವೆಯ ಸುಂಕ. ಯಾರಿಂದ, ಯಾವುದರ ಮೇಲೆ ಎತ್ತಿದ್ದು ಎಂಬುದನ್ನು ಆ ಹೆಸರುಗಳೇ ಸಾರುತ್ತವೆ. ಹಣ ಎಲ್ಲಿಗೆ ಹೋಯಿತೆಂಬುದನ್ನು ಮಾತ್ರ ಹೇಳುವುದಿಲ್ಲ. ಕೆರೆಯ ಜೀರ್ಣೋದ್ಧಾರಕ್ಕೆಂದು ಬಿಟ್ಟ ‘ಬಿತ್ತುವಟ್ಟ’ದಂಥ ಏರ್ಪಾಡುಗಳು ಇದ್ದವು, ನಿಜ. ಆದರೆ ತೆರಿಗೆ ಕೊಡುವವನಿಗೆ ಅದು ಸೇರುವ ವಿಳಾಸವನ್ನು ಮೊದಲೇ ತೋರಿಸಿ ಒಪ್ಪಿಸುವ ಜಾಣತನವನ್ನು ದೊಡ್ಡ ಪ್ರಮಾಣದಲ್ಲಿ ಕಲಿಸಿದ್ದು ಸೆಸ್.

ಧಾರವಾಡ, ಬೆಳಗಾವಿ, ವಿಜಾಪುರದ ಕಡೆ ಅದು ಒಂದಾಣೆಯ ರೂಪದಲ್ಲಿ ಬಂತು. ಮುಂಬಯಿ ಸರ್ಕಾರ 1860ರ ದಶಕದಲ್ಲಿ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದು ಆಣೆ ಹೆಚ್ಚು ಎತ್ತತೊಡಗಿ, 1869ರಲ್ಲಿ ಅದಕ್ಕೊಂದು ಕಾಯ್ದೆಯನ್ನೂ ಮಾಡಿತು. ರೈತ ಹದಿನಾರಾಣೆ ಕಂದಾಯ ಎಣಿಸಿಟ್ಟ ಮೇಲೆ ಇನ್ನೊಂದು ಆಣೆ ತೆಗೆದಿಡಬೇಕು. ಇದಕ್ಕೆ ‘ಲೋಕಲ್ ಫಂಡ್’ ಎಂದು ಹೆಸರು. ಮೂರರಲ್ಲಿ ಎರಡು ಪಾಲು ರಸ್ತೆ, ಬಾವಿ, ಧರ್ಮಶಾಲೆಯಂಥ ಕೆಲಸಗಳಿಗೆ, ಉಳಿದ ಒಂದು ಪಾಲು ಶಾಲೆಗಳಿಗೆ. ಡೆಪ್ಯುಟಿ ಚನ್ನಬಸಪ್ಪನವರು ಆ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ಓಡಾಡಿದ್ದೂ ಇದೇ ಕಾಲದಲ್ಲಿ. ಉತ್ತರ ಕರ್ನಾಟಕದ ಕನ್ನಡ ಶಾಲೆಯ ಚರಿತ್ರೆ ಬರೆಯುವವರು ಈ ಒಂದಾಣೆಗೂ ಒಂದು ಪುಟ ಮೀಸಲಿಡಬೇಕು.

ಬಂಗಾಳದಲ್ಲಿ ಕಥೆ ಇಷ್ಟು ಸಲೀಸಾಗಿರಲಿಲ್ಲ. 1871ರಲ್ಲಿ ಅಲ್ಲಿ ರಸ್ತೆ ಸೆಸ್ ಬಂದಾಗ, 1793ರಲ್ಲಿ ಕಂದಾಯವನ್ನು ಕಾಯಂ ಮಾಡಿ ಕೊಟ್ಟ ಮಾತು ಮುರಿದಿರಿ ಎಂದು ಜಮೀನ್ದಾರರು ಗುಲ್ಲೆಬ್ಬಿಸಿದರು. ತಮಾಷೆಯೆಂದರೆ, ಈ ಜಮೀನ್ದಾರರು ರೈತರಿಂದ ಕಾನೂನಿನ ಹೊರಗೆ ಕಿತ್ತುಕೊಳ್ಳುತ್ತಿದ್ದ ‘ಅಬ್ವಾಬ್’ಗಳಿಗೂ ಇಂಗ್ಲಿಷ್ ವರದಿಗಳಲ್ಲಿ ಸೆಸ್ ಎಂದೇ ಹೆಸರು. ಅತ್ತ ಅವಧ್‌ನ ತಾಲ್ಲೂಕುದಾರರು ಆನೆ ಕೊಂಡರೆ ‘ಹಾಥಿಯಾನಾ’, ಮೋಟಾರು ಕೊಂಡರೆ ‘ಮೋಟರಾನಾ’ ಎಂದು ಒಕ್ಕಲುಗಳಿಂದ ವಸೂಲಿ ಮಾಡುತ್ತಿದ್ದರು. 1920ರ ಸುಮಾರಿಗೆ ಅಲ್ಲಿನ ರೈತರು ತಿರುಗಿಬೀಳಲು ಇವೂ ಕಾರಣ. ಮೋಟರಾನಾದಲ್ಲಿ ಸುಳ್ಳಿರಲಿಲ್ಲ, ಮೋಟಾರು ನಿಜವಾಗಿಯೂ ಬರುತ್ತಿತ್ತು!

ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದ ಸೆಸ್ ಹುಡುಕುವುದಾದರೆ ಕಾಫಿಯ ಹತ್ತಿರ ಹೋಗಬೇಕು. 1930ರ ದಶಕದ ಜಾಗತಿಕ ಮುಗ್ಗಟ್ಟಿನಲ್ಲಿ ಕಾಫಿಯ ಬೆಲೆ ನೆಲಕಚ್ಚಿತ್ತು. ಕೊಡಗು, ಚಿಕ್ಕಮಗಳೂರು, ನೀಲಗಿರಿಯ ತೋಟಗಳಲ್ಲಿ ಬೆಳೆದದ್ದನ್ನು ಹೊರದೇಶದವರು ಕೊಳ್ಳದಿದ್ದರೆ ದೇಶದೊಳಗೇ ಕುಡಿಸಬೇಕು; ಕುಡಿಸಲು ಪ್ರಚಾರ ಬೇಕು, ಪ್ರಚಾರಕ್ಕೆ ದುಡ್ಡು ಬೇಕು. 1903ರಿಂದಲೇ ಚಹಾದವರು ಇದನ್ನು ಮಾಡಿ ತೋರಿಸಿದ್ದರು: ರಫ್ತಾಗುವ ಚಹಾದ ಮೇಲೆ ಒಂದು ಸೆಸ್, ಅದರ ಹಣದಿಂದ ಚಹಾದ ಜಾಹೀರಾತು. ಅದೇ ಜಾಡಿನಲ್ಲಿ 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು, ಹಣ ನೋಡಿಕೊಳ್ಳಲು ಕಾಫಿ ಸೆಸ್ ಸಮಿತಿಯಾಯಿತು. ಸಮಿತಿ ಬರೀ ಭಿತ್ತಿಪತ್ರ ಅಂಟಿಸಿ ಸುಮ್ಮನಾಗಲಿಲ್ಲ. 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಅಂಗಡಿಯನ್ನೇ ತೆರೆಯಿತು. ಮುಂದೆ ಊರೂರಿನ ಲೇಖಕರೂ ಪತ್ರಕರ್ತರೂ ನಿರುದ್ಯೋಗಿಗಳೂ ಒಂದು ಲೋಟದ ಮುಂದೆ ಗಂಟೆಗಟ್ಟಲೆ ಕೂತೆದ್ದ ಇಂಡಿಯಾ ಕಾಫಿ ಹೌಸ್ ಹುಟ್ಟಿದ್ದು ಹೀಗೆ.

ಸಮಿತಿಯ ಜಾಗಕ್ಕೆ ಮುಂದೆ ಕಾಫಿ ಬೋರ್ಡ್ ಬಂತು. 1950ರ ದಶಕದಲ್ಲಿ ಬೋರ್ಡು ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕೆಲಸಗಾರರು ಸಹಕಾರ ಸಂಘ ಕಟ್ಟಿಕೊಂಡು ತಾವೇ ನಡೆಸಿದರು. 1957ರಲ್ಲಿ ಅಂಥ ಸಂಘ ಬೆಂಗಳೂರಿನಲ್ಲೂ ಆಯಿತು. ಎಂ.ಜಿ. ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಬಿಳಿ ಉಡುಪು, ತಲೆಗೆ ಪೇಟ, ಸೊಂಟಕ್ಕೆ ಅಗಲ ಪಟ್ಟಿಯ ಮಾಣಿಗಳು ಅಲ್ಲಿಗೂ ಬಂದರು. ಇದರ ಬೇರಿನಲ್ಲೊಂದು ತೆರಿಗೆ ಕಾಯ್ದೆ ಇದೆಯೆಂದು ಕಾಫಿ ಹೀರುವವರಲ್ಲಿ ಎಷ್ಟು ಜನಕ್ಕೆ ಗೊತ್ತು!

ಸ್ವಾತಂತ್ರ್ಯದ ನಂತರ ಸೆಸ್ಸುಗಳಿಗೆ ಲೆಕ್ಕವಿಲ್ಲ: ಉಪ್ಪು, ಬೀಡಿ, ಕಟ್ಟಡ ಕಾರ್ಮಿಕರ ಕಲ್ಯಾಣ, ಸ್ವಚ್ಛ ಭಾರತ, ಕೃಷಿ ಕಲ್ಯಾಣ. 2004ರಲ್ಲಿ ಆದಾಯ ತೆರಿಗೆಯ ಮೇಲೆ ಶೇ 2ರಷ್ಟು ಶಿಕ್ಷಣ ಸೆಸ್ ಬಂತು. 2018ರ ಹೊತ್ತಿಗೆ ಆರೋಗ್ಯವನ್ನೂ ಜೊತೆಗೆ ಕಟ್ಟಿಕೊಂಡು ಶೇ 4 ಆಯಿತು. ತೆರಿಗೆಯ ಮೇಲೊಂದು ತೆರಿಗೆ. ಕಲ್ಲಿದ್ದಲಿನ ಪ್ರಸಂಗ ಇನ್ನೂ ಸ್ವಾರಸ್ಯದ್ದು. 2010ರಲ್ಲಿ ಟನ್ನಿಗೆ 50 ರೂಪಾಯಿಯಂತೆ ಶುರುವಾದ ಶುದ್ಧ ಇಂಧನದ ಸೆಸ್ 2016ಕ್ಕೆ 400 ರೂಪಾಯಿ ಮುಟ್ಟಿತು. ಮರುವರ್ಷ ಜಿಎಸ್‌ಟಿ ಬಂದಾಗ ಕಲ್ಲಿದ್ದಲಿನ ಮೇಲಿನ ಆ ಸೆಸ್ ರಾಜ್ಯಗಳ ನಷ್ಟ ತುಂಬಿಕೊಡುವ ಪರಿಹಾರ ಸೆಸ್ಸಾಗಿ ಬದಲಾಯಿತು. ಕಲ್ಲಿದ್ದಲೂ ಅದೇ, ದರವೂ ಅದೇ, ವಿಳಾಸ ಮಾತ್ರ ಬೇರೆ.

ದೆಹಲಿಗೆ ಸೆಸ್ ಮೇಲೆ ಇಷ್ಟು ಮಮತೆ ಏಕೆ ಎಂಬುದಕ್ಕೆ ಉತ್ತರ ಸಂವಿಧಾನದಲ್ಲೇ ಇದೆ. 2000ದಲ್ಲಿ ಬಂದ 80ನೆಯ ತಿದ್ದುಪಡಿಯ ಪ್ರಕಾರ ಕೇಂದ್ರದ ತೆರಿಗೆಗಳನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕು, ಸೆಸ್ ಮತ್ತು ಸರ್‌ಚಾರ್ಜುಗಳನ್ನು ಹಂಚಬೇಕಿಲ್ಲ. ತೆರಿಗೆಯೆಂದರೆ ನೂರರಲ್ಲಿ ನಲವತ್ತೊಂದು ರಾಜ್ಯಗಳಿಗೆ ಹೋಗುತ್ತದೆ, ಸೆಸ್ಸೆಂದರೆ ಅಷ್ಟೂ ಅಲ್ಲೇ ಉಳಿಯುತ್ತದೆ. ಉಳಿದದ್ದಾದರೂ ಹೇಳಿದ ಕಡೆ ಹೋಯಿತೇ? 2018–19ರಲ್ಲಿ 35 ಸೆಸ್ ಹಾಗೂ ಅಂಥವೇ ಬಾಬುಗಳಿಂದ ಬಂದ ಸುಮಾರು 2.75 ಲಕ್ಷ ಕೋಟಿ ರೂಪಾಯಿಯಲ್ಲಿ ಆಯಾ ನಿಧಿಗಳಿಗೆ ಸೇರಿದ್ದು 1.64 ಲಕ್ಷ ಕೋಟಿಯಷ್ಟೇ ಎಂದು ಸಿಎಜಿ ವರದಿ ಮಾಡಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕದ ಸಚಿವರು, ಶಾಸಕರು ಜಂತರ್ ಮಂತರಿನಲ್ಲಿ ಧರಣಿ ಕೂತಾಗ ಎತ್ತಿದ ದೂರುಗಳಲ್ಲಿ ಈ ಸೆಸ್ ವಿಷಯವೂ ಒಂದು.

ಹಾಗೆಂದು ನಮ್ಮ ಮನೆಯ ದೋಸೆಯೇನೂ ತೂತಿಲ್ಲದ್ದಲ್ಲ. ಬೆಂಗಳೂರಿನ ಆಸ್ತಿ ತೆರಿಗೆಯ ಮೇಲೆ ಶೇ 15ರಷ್ಟು ಆರೋಗ್ಯಕ್ಕೆ, ಶೇ 6ರಷ್ಟು ಗ್ರಂಥಾಲಯಕ್ಕೆ, ಶೇ 3ರಷ್ಟು ಭಿಕ್ಷುಕರ ಪುನರ್ವಸತಿಗೆ ಸೆಸ್ ಬೀಳುತ್ತದೆ. ಕೊನೆಯದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೂಸು. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಂಥವು ನಡೆಯುವುದು ಈ ಹಣದಿಂದ. 2010ರ ಆಗಸ್ಟಿನಲ್ಲಿ ಅಲ್ಲಿ ನಿರಾಶ್ರಿತರು ಸಾಲುಸಾಲಾಗಿ ಸತ್ತಾಗ ಊರು ಬೆಚ್ಚಿತು, ಆ ಸೆಸ್ಸಿನ ಲೆಕ್ಕ ಆಗ ಪತ್ರಿಕೆಗಳಿಗೆ ಬಂತು. ವಸೂಲಿ ಮಾಡಿದ ಹಣವನ್ನು ಸ್ಥಳೀಯ ಸಂಸ್ಥೆಗಳು ಪರಿಹಾರ ಸಮಿತಿಗೆ ಕಟ್ಟದೆ ಬಾಕಿ ಉಳಿಸಿಕೊಂಡ ಸುದ್ದಿ ಅದಾದ ಮೇಲೂ ಮತ್ತೆ ಮತ್ತೆ ಬರುತ್ತಲೇ ಇದೆ. ಭಿಕ್ಷುಕರ ಹೆಸರಿನ ದುಡ್ಡಿಗಾಗಿ ಸಮಿತಿಯೇ ಪುರಸಭೆ, ಪಾಲಿಕೆಗಳಿಗೆ ಜ್ಞಾಪನಪತ್ರ ಬರೆಯುತ್ತ ಕೂರಬೇಕಾಗಿದೆ.